ಮಲಾಕಿಯ ಭಾನುವಾರದ ಗೇಟು

ಬೆಳಗಿನ ಆರೂವರೆ. ಬೆಲ್‌ಫಾಸ್ಟ್‌ನ ಗ್ಲೆನ್‌ಮಾರ್ ಬೀದಿಯ ತುದಿಯಲ್ಲಿ ಮಲಾಕಿ ಡೊನೆಲಿ ವ್ಯಾನು ನಿಲ್ಲಿಸಿ ಇಳಿಯುತ್ತಾರೆ, ಮೂಗು ಒರೆಸಿಕೊಳ್ಳುತ್ತಾರೆ, ಚಳಿಗೆ ಎರಡು ಬೈಗುಳ ಬೈಯುತ್ತಾರೆ. ಎದುರಿಗೆ ಎರಡಾಳೆತ್ತರದ ಕಬ್ಬಿಣದ ಗೇಟು, ಅದರ ಎಡಬಲಕ್ಕೆ ಗಲಭೆಯ ಕಾಲದಲ್ಲಿ ಎದ್ದ, ಮನೆಗಳ ಸೂರಿಗಿಂತ ಎತ್ತರದ ಗೋಡೆ. ಈಚೆ ಕ್ಯಾಥೊಲಿಕರು, ಆಚೆ ಪ್ರೊಟೆಸ್ಟೆಂಟರು. ಚಳಿಗೆ ಮರಗಟ್ಟಿದ ಅಗುಳಿ ಹಟ ಮಾಡುತ್ತದೆ. ಭುಜ ಕೊಟ್ಟು ನೂಕಿ ಗೇಟು ತೆರೆದವರು ತಕ್ಷಣ ವ್ಯಾನು ಹತ್ತುವುದಿಲ್ಲ. ಟೋಪಿ ತೆಗೆದು, ಒದ್ದೆ ಸರಳಿನ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಾರೆ.

ಇಂಥ ಆರು ಗೇಟುಗಳನ್ನು ಬೆಳಗ್ಗೆ ತೆಗೆಯುವುದು, ಕತ್ತಲಾಗುವ ಮುಂಚೆ ಮುಚ್ಚುವುದು ಅವರ ಕೆಲಸ. ವಯಸ್ಸು ಅರವತ್ತು ದಾಟಿದೆ, ಸೊಂಟ ನೋವು ಬಿಟ್ಟಿಲ್ಲ. ಗೋಡೆಯ ಫೋಟೊ ತೆಗೆಯಲು ಪ್ರವಾಸಿಗರು ಬಸ್ಸುಗಟ್ಟಲೆ ಬರುತ್ತಾರೆ, ಬೀಗ ತೆಗೆಯುವ ಮನುಷ್ಯನಿಗೆ ಮಾತ್ರ "ಸ್ವಲ್ಪ ಪಕ್ಕಕ್ಕೆ ನಿಲ್ತೀರಾ?" ಅನ್ನುತ್ತಾರೆ. ಪಕ್ಕದ ಬೀದಿಯಲ್ಲೇ ಬಾಡಿಗೆಗಿರುವ ನನಗೂ ಇವರ ಹೆಸರು ತಿಳಿಯಲು ವರ್ಷಗಳೇ ಹಿಡಿದವು.

ಮಲಾಕಿಗೆ ಹತ್ತೊಂಬತ್ತಾಗಿದ್ದಾಗ ತಮ್ಮ ಕೋಲಮ್ ಇದೇ ಬೀದಿಯಲ್ಲಿ ಗುಂಡೇಟಿಗೆ ಸತ್ತ. "ಈ ಕೆಲಸ ಸಿಕ್ಕ ಮೊದಲ ದಿನ ಗೇಟು ತೆಗೆಯೋಕೆ ಕೈಯೇ ಬರಲಿಲ್ಲ ಕಣ್ರೀ," ಅನ್ನುತ್ತಾರೆ. "ಆಚೆ ಇರೋರು ಅವನನ್ನ ಕೊಂದವರ ಕಡೆಯವರು ಅಂತ ಹೊಟ್ಟೆ ಉರೀತಿತ್ತು. ಸಂಬಳ ಬೇಕು, ಏನ್ಮಾಡ್ಲಿ? 'ದೇವರೇ, ನನ್ನಿಂದಾಗಲ್ಲ, ನೀನೇ ತಳ್ಳು' ಅಂದೆ. ತೆರೀತು. ಮಾರನೇ ದಿನಾನೂ ಹೊಟ್ಟೆ ಉರೀತು, ಮತ್ತೆ ಅದನ್ನೇ ಅಂದೆ. ಹಾಗೇ ಅಭ್ಯಾಸ ಆಗ್ಹೋಯ್ತು."

ಗೇಟಿಗೆ ಅಂಟಿಕೊಂಡಂತೆ ಆಚೆ ಬದಿಯಲ್ಲಿರುವುದು ಹೇಜಲ್ ಗಾಲ್ಟ್ ಅವರ ಮನೆ. ದಿನಾ ಬೆಳಗ್ಗೆ ಗೇಟು ಹಿಡಿದು ಗೊಣಗುವ ಗಂಡಸನ್ನು ನೋಡಿ ನೋಡಿ ತಡೆಯಲಾರದೆ ಆಕೆ ಒಂದು ದಿನ ಬಾಗಿಲಿಗೆ ಬಂದರಂತೆ.

"ಏನ್ರೀ, ಬೀಗದ ಜತೆ ಮಾತಾಡ್ತೀರಾ?"

"ಇಲ್ಲಮ್ಮ, ಕರ್ತರ ಪ್ರಾರ್ಥನೆ ಹೇಳ್ತಿದ್ದೆ. ನಿಮಗೂ ಬರುತ್ತಲ್ಲ, ಬನ್ನಿ."

"ಬರುತ್ತೆ. ಆದ್ರೆ ನೀವು ಅರ್ಧಕ್ಕೇ ನಿಲ್ಲಿಸಿಬಿಡ್ತೀರಿ."

"ನೀವು ಮುಗಿದ ಮೇಲೂ ನಿಲ್ಲಿಸಲ್ಲ!"

ಯೇಸು ಕಲಿಸಿದ ಈ ಪ್ರಾರ್ಥನೆ ಎರಡೂ ಕಡೆಗೆ ಒಂದೇ, ಕೊನೆ ಮಾತ್ರ ಬೇರೆ. ಇಲ್ಲಿನವರಿಗೆ ಇದು ಹುಟ್ಟುತ್ತಲೇ ಗೊತ್ತು. 'ಕೇಡಿನಿಂದ ನಮ್ಮನ್ನು ತಪ್ಪಿಸು' ಎಂಬಲ್ಲಿಗೆ ಕ್ಯಾಥೊಲಿಕರು ಆಮೆನ್ ಹೇಳಿ ಮುಗಿಸುತ್ತಾರೆ. ಪ್ರೊಟೆಸ್ಟೆಂಟರು 'ರಾಜ್ಯವೂ ಬಲವೂ ಮಹಿಮೆಯೂ ನಿನ್ನವೇ' ಎಂದು ಮುಂದುವರಿಯುತ್ತಾರೆ. ಬಾಯಿ ಎಲ್ಲಿ ಮುಚ್ಚಿತು ಎಂಬುದರ ಮೇಲೆ ಮನುಷ್ಯ ಯಾವ ಕಡೆಯವನೆಂದು ಗೊತ್ತಾಗಿಬಿಡುವ ಊರು ಇದು. ಅಂದು ಹೇಜಲ್ ನಗುತ್ತಾ ಚಹಾ ತಂದುಕೊಟ್ಟರು. ಈಗ ಪ್ರತಿ ಗುರುವಾರ ಬೆಳಗ್ಗೆ ಎರಡೂ ಕಡೆಯ ಹತ್ತು ಹನ್ನೆರಡು ಜನ ಗೇಟಿನ ಬಳಿ ಪ್ರಾರ್ಥನೆಗೆ ಸೇರುತ್ತಾರೆ. ಪ್ರಾರ್ಥನೆಯಾದ ಮೇಲೆ ಬೆಣ್ಣೆ ಹಚ್ಚಿದ ರೊಟ್ಟಿ, ಊರ ಮಾತು. ಯಾವ ಕಡೆಯಿಂದಾದರೂ ಕಲ್ಲು ಬಿದ್ದರೆ ಹೆಂಗಸರು ಮೊದಲು ಒಬ್ಬರಿಗೊಬ್ಬರು ಫೋನು ಮಾಡುತ್ತಾರೆ, ಪೊಲೀಸರಿಗೆ ಆಮೇಲೆ.

ಆದರೆ ಭಾನುವಾರ ಗೇಟು ತೆರೆಯುತ್ತಿರಲಿಲ್ಲ. ಗೋಡೆ ಎದ್ದಾಗ ಕ್ಯಾಥೊಲಿಕರ ಚರ್ಚು ಆಚೆ ಬದಿಗೆ ಸಿಕ್ಕಿಕೊಂಡಿತ್ತು. ಮಲಾಕಿಯ ಅಕ್ಕ ಅಟ್ರಾಕ್ಟಾಗೆ ಎಂಬತ್ತರ ಹತ್ತಿರ, ಮಂಡಿ ಸವೆದಿದೆ. ತಾನು ಜ್ಞಾನಸ್ನಾನ ಪಡೆದ ಚರ್ಚಿನ ಗೋಪುರ ಅಡುಗೆಮನೆಯ ಕಿಟಕಿಯಿಂದ ಕಾಣುತ್ತದೆ, ಸುತ್ತು ಹಾಕಿ ಹೋಗಲು ಕಾಲು ಕೇಳುವುದಿಲ್ಲ. ತಮ್ಮನ ವ್ಯಾನು ಬೇಡ, ನಡೆಯುವಷ್ಟು ಶಕ್ತಿ ಇರುವಾಗಲೇ ತನ್ನ ಕಾಲ ಮೇಲೇ ಹೋಗಿ ಅಲ್ಲಿ ಭಾನುವಾರದ ಪೂಜೆಗೆ ಕೂರಬೇಕೆಂದು ಆಕೆಗೆ ಆಸೆ. ಭಾನುವಾರವೂ ಗೇಟು ತೆರೆಯಬೇಕಾದರೆ ಅಕ್ಕಪಕ್ಕದ ಮನೆಗಳವರೆಲ್ಲ ಒಪ್ಪಬೇಕು. ಎಲ್ಲರೂ ಒಪ್ಪಿದರು, ಒಬ್ಬರು ಬಿಟ್ಟು. ಹೇಜಲ್ ಗಂಡ ಐವನ್.

ಹಿಂದೊಮ್ಮೆ ಗೋಡೆಯ ಮೇಲಿಂದ ಬಂದ ಪೆಟ್ರೋಲ್ ಬಾಟಲಿ ಐವನ್‌ರ ಅಡುಗೆಮನೆಯನ್ನೂ ಎರಡೂ ಕೈಗಳನ್ನೂ ಸುಟ್ಟಿತ್ತು. "ವಾರದಲ್ಲಿ ಒಂದು ದಿನ ಆ ಗೇಟು ಹಗಲೂ ಮುಚ್ಚಿರುತ್ತೆ, ಅವತ್ತೊಂದಿನ ನೆಮ್ಮದಿಯಾಗಿ ನಿದ್ದೆ ಮಾಡ್ತೀನಿ. ಅದನ್ನೂ ಕಿತ್ಕೋಬೇಡಿ," ಅಂದಿದ್ದರು.

"ನಾನು ಅವನನ್ನ ಬೈಯಲ್ಲ," ಅನ್ನುತ್ತಾರೆ ಮಲಾಕಿ. "ಬಾಟಲಿ ಹೋಗಿದ್ದು ನಮ್ಮ ಕಡೆಯಿಂದ. ಅವನಿಗೆ ನೆಮ್ಮದಿ ಕೊಡಪ್ಪಾ ಅಂತ ಕೇಳ್ಕೊಂಡ್ವಿ ಅಷ್ಟೆ."

ಅದೂ ಐವನ್ ಮಲಗುವ ಕೋಣೆಯ ಕಿಟಕಿಯ ಕೆಳಗೇ! "ಹಾಸಿಗೆಯಿಂದಲೇ ಕೂಗೋರು," ಎಂದು ಹೇಜಲ್ ನಗುತ್ತಾರೆ. "'ಮೆತ್ತಗೆ ಹೇಳ್ರೀ, ದೇವರೇನು ಕಿವುಡನಲ್ಲ' ಅಂತ."

ಕಳೆದ ಮಾರ್ಚಿನ ಒಂದು ಗುರುವಾರ ನಾನೂ ಅಲ್ಲಿದ್ದೆ. ಪ್ರೊಟೆಸ್ಟೆಂಟರಿಗೆ ಬೇಜಾರಾಗದಿರಲೆಂದು ಕ್ಯಾಥೊಲಿಕರು ಪ್ರಾರ್ಥನೆಯ ಕೊನೆಗೆ ಅವರು ಸೇರಿಸುವ ಬಾಲವನ್ನೂ ಹೇಳುವುದೆಂದು ತಮ್ಮತಮ್ಮಲ್ಲೇ ಮಾತಾಡಿಕೊಂಡು ಬಂದಿದ್ದರು. ಕ್ಯಾಥೊಲಿಕರಿಗೆ ಇರುಸುಮುರುಸಾಗದಿರಲೆಂದು ಪ್ರೊಟೆಸ್ಟೆಂಟರು ಆ ಬಾಲವನ್ನೇ ಬಿಟ್ಟುಬಿಡುವುದೆಂದು ನಿಶ್ಚಯಿಸಿದ್ದರು. ಯಾರೂ ಯಾರಿಗೂ ಹೇಳಿರಲಿಲ್ಲ. ಸರಿ, ಪ್ರೊಟೆಸ್ಟೆಂಟರು ಆಮೆನ್ ಎಂದು ಗಪ್ಪನೆ ನಿಂತರು. ಕ್ಯಾಥೊಲಿಕರು ರಾಜ್ಯ, ಬಲ ಎಂದು ತೊದಲುತ್ತಾ ಮುಂದೆ ಹೋಗಿ, ಜತೆಗೆ ಯಾರೂ ಇಲ್ಲವೆಂದು ಕಂಡು ನಡುನೀರಿನಲ್ಲಿ ನಿಂತುಬಿಟ್ಟರು.

ಮೇಲೆ ಕಿಟಕಿ ಧಡಾರನೆ ತೆರೆಯಿತು. "ಅಯ್ಯೋ ನನ್ನಪ್ಪಾ! ನಮ್ಮವರು ನುಂಗಿದ್ರು, ಅವರು ತಪ್ಪುತಪ್ಪಾಗಿ ಉಗುಳಿದ್ರು. ನೆಟ್ಟಗೆ ಒಂದು ಪ್ರಾರ್ಥನೆ ಹೇಳೋಕ್ಕಾಗಲ್ವೇನ್ರೋ ನಿಮಗೆ?"

ಐವನ್ ನಗುತ್ತಿದ್ದರು. ರಾತ್ರಿಯ ಬಟ್ಟೆಯಲ್ಲೇ, ಮನೆಯ ಚಪ್ಪಲಿಯಲ್ಲೇ ಕೆಳಗಿಳಿದು ಬಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಮೊದಲಿಂದ ಹೇಳಿಸಿದರು. ತಡವರಿಸಿದ ಅಟ್ರಾಕ್ಟಾಗೆ "ನಿಧಾನಕ್ಕೆ ಅಕ್ಕಾ, ರೈಲೇನೂ ಹೋಗಲ್ಲ" ಎಂದರು. ಆಮೇಲೆ ಗೋಪುರದ ಕಡೆ ಕೈ ತೋರಿಸಿ, "ನಿಮ್ಮ ಚರ್ಚು ಇಲ್ಲೇ ಇದೆಯಲ್ಲ. ಭಾನುವಾರ ಹೇಗೆ ಹೋಗ್ತೀರಿ?" ಎಂದು ಕೇಳಿದರು.

"ಹೋಗಲ್ಲಪ್ಪ. ರೇಡಿಯೋ ಹಾಕ್ಕೊಂಡು ಕೂತ್ಕೋತೀನಿ."

ಐವನ್ ಒಳಗೆ ಹೋದರು. ಎರಡು ವಾರ ಕಳೆದ ಮೇಲೆ ಒಪ್ಪಿಗೆ ಬಂತು, ಒಂದು ಷರತ್ತಿನ ಮೇಲೆ. ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಗೇಟು ಮುಚ್ಚಬೇಕು. ಬೀಗ ಬೇರೆ ಯಾರೂ ಅಲ್ಲ, ಐವನ್ ತಾವೇ ಹಾಕಬೇಕು. ಮೇಲಧಿಕಾರಿಗಳಿಂದ ಅದಕ್ಕೆ ಅನುಮತಿ ಪಡೆಯಲು ಮಲಾಕಿ ತಿಂಗಳುಗಟ್ಟಲೆ ಅಲೆದರು.

ಮೊದಲ ಭಾನುವಾರ ಹನ್ನೊಂದಕ್ಕೆ ಅಟ್ರಾಕ್ಟಾ ತಮ್ಮನ ತೋಳು ಹಿಡಿದು ಗೇಟು ದಾಟಿದರು. ಚರ್ಚಿನ ಬಾಗಿಲವರೆಗೆ ಬಿಟ್ಟು ಮಲಾಕಿ ಗೇಟಿಗೆ ಮರಳಿದರು. ಒಂದಾಯಿತು, ಅಕ್ಕನ ಸುಳಿವಿಲ್ಲ. ಪೂಜೆ ಮುಗಿದು ಎಷ್ಟೋ ಹೊತ್ತಾಗಿದ್ದರೂ ಹಳೆಯ ಗೆಳತಿಯರು ಸಿಕ್ಕಿ ಮಾತಿಗೆ ಕೂತಿದ್ದರು. ಐವನ್ ಸುಕ್ಕುಗಟ್ಟಿದ ಕೈಯಲ್ಲಿ ಬೀಗ ಹಿಡಿದು ನಿಂತಿದ್ದರು.

"ನಾನು ಗಡಿಯಾರ ನೋಡ್ತಾನೇ ಇದ್ದೆ," ಅನ್ನುತ್ತಾರೆ ಮಲಾಕಿ. "ಹಾಕ್ಬಿಡಪ್ಪ, ನಾನು ಅವಳನ್ನ ಸುತ್ತು ಹಾಕಿಸಿ ಕರ್ಕೊಂಡು ಹೋಗ್ತೀನಿ ಅಂದೆ. ಸುಮ್ನಿರಯ್ಯಾ ಅಂದ. ಒಂದೂಮುಕ್ಕಾಲಿಗೆ ಅಕ್ಕ ಆರಾಮಾಗಿ ಕಾಲೆಳ್ಕೊಂಡು ಬಂದ್ಳು. ಅವಳು ಈಚೆ ಬಂದು, ತಿರುಗಿ ಅವನಿಗೆ ಕೈ ಬೀಸಿ, ಮನೆ ಬಾಗಿಲು ಹಾಕ್ಕೊಂಡ ಮೇಲೇನೇ ಅವನು ಬೀಗ ಹಾಕಿದ್ದು."

ಇನ್ನು ಪ್ರಾರ್ಥನೆಯಲ್ಲಿ ಬೇಡಲು ಏನು ಉಳಿದಿದೆ ಎಂದು ಕೇಳಿದೆ. ಮಲಾಕಿ ಟೋಪಿ ಸರಿಮಾಡಿಕೊಂಡು ವ್ಯಾನು ಹತ್ತಿದರು.

"ಅಕ್ಕ ಬರೋವರೆಗೂ ಅವನು ಬೀಗ ಹಾಕಲ್ಲ. ಬರೋ ಭಾನುವಾರ ಅವಳು ಇನ್ನೂ ತಡ ಮಾಡಲಿ ಅಂತ ಪ್ರಾರ್ಥನೆ ಮಾಡ್ತಿದ್ದೀನಿ ಕಣ್ರೀ."