ಅಕ್ಕನ ಪಾದಕ್ಕೆ ಅರಿಶಿನ

ನಮ್ಮ ಯಜಮಾನರನ್ನು ಬ್ಯಾಂಕಿನವರು ವಿಜಯವಾಡಕ್ಕೆ ವರ್ಗ ಮಾಡಿದ ವರ್ಷ, ಅಲ್ಲಿನ ಪಟಮಟ ಬಡಾವಣೆಯ ನಮ್ಮ ಬಾಡಿಗೆ ಮನೆಯ ನೆಲವನ್ನು ಅಕ್ಕ ನಡೆದು ನಡೆದು ಸವೆಸುತ್ತಿದ್ದಳು. ನಡುಮನೆಯಿಂದ ಅಡುಗೆಮನೆ, ಅಡುಗೆಮನೆಯಿಂದ ನಡುಮನೆ.

"ನಿಮ್ಮಕ್ಕ ಇಷ್ಟೊತ್ತಿಗೆ ಗನ್ನವರಂ ಏರ್‌ಪೋರ್ಟ್ ಮುಟ್ಟಿರ್ತಾರೆ ಕಣೇ" ಅನ್ನೋರು ಇವರು, ಪೇಪರಿನ ಹಿಂದಿನಿಂದ.

"ಹಾಗಾದ್ರೆ ವಿಮಾನಾನೇ ಹತ್ತಿಬಿಡ್ತೀನಿ ಬಿಡಿ" ಎಂದು ಅಕ್ಕ ನಡೆಯುತ್ತಲೇ ಉತ್ತರ ಕೊಡುವಳು.

ಊರಲ್ಲಿದ್ದಾಗ ಅನ್ನಕ್ಕೆ ಯಾರೋ ವಿಷ ಹಾಕುತ್ತಾರೆಂಬ ಭಯ ಹತ್ತಿ ಅವಳು ಒಣಗಿ ಕಡ್ಡಿಯಾಗಿದ್ದಳು. ಭಾವ ಕರೆತಂದು ನಮ್ಮಲ್ಲಿ ಬಿಟ್ಟರು. ಇಲ್ಲಿನ ಮನೋವೈದ್ಯರ ಮಾತ್ರೆಗೆ ಭಯವೇನೋ ಓಡಿಹೋಯಿತು, ಆದರೆ ಕಾಲು ನಿಲ್ಲದಾಯಿತು. ಕೂತರೆ ಒಳಗಿನಿಂದ ಯಾರೋ ಎಬ್ಬಿಸಿದಂತಾಗುತ್ತಿತ್ತಂತೆ. ತಟ್ಟೆ ಹಿಡಿದು ನಡೆಯುತ್ತಲೇ ಉಣ್ಣುವಳು, ಅರ್ಧ ಸಾರು ಸೀರೆಗೆ. ನಾನು ಹೋಗಿ ಹೇಳಿದರೆ ಡಾಕ್ಟರು, ಅದು ಕಾಯಿಲೆಯ ಚಡಪಡಿಕೆ ಎಂದು ಮಾತ್ರೆ ಹೆಚ್ಚಿಸಿದರು. ಅಕ್ಕ ಇನ್ನೂ ಜೋರಾಗಿ ನಡೆದಳು.

"ಈ ಮಾತ್ರೆ ಮೋರಿಗೆ ಹಾಕ್ತೀನಿ ನೋಡ್ತಿರು" ಅಂದಳು ಒಂದು ದಿನ. ಮಾತ್ರೆ ಬಿಟ್ಟರೆ ವಿಷದ ಭಯ ಮರಳಿ, ನನ್ನ ಕೈಯಡುಗೆಯನ್ನೂ ಅವಳು ಮುಟ್ಟುವುದಿಲ್ಲ.

"ಇನ್ನೊಂದ್ಸಲ ಡಾಕ್ಟರ ಹತ್ರ ಹೋಗೋಣ ಕಣೇ."

"ಹೋಗಿ? ನಿನ್ನ ಮಾತು ಕೇಳಿದ್ರಾ ಅವರು?"

ಆ ವಾರವೇ ಶ್ರಾವಣ ಶುಕ್ರವಾರ. ಪಕ್ಕದ ಮನೆಯ ಹಿರಿಯಾಕೆ ಅರಿಶಿನ ಕುಂಕುಮಕ್ಕೆ ಕರೆದರು. ಅವರನ್ನು ನಾವು ತೆಲುಗಿನವರ ಹಾಗೆ ಪಿನ್ನಿಗಾರು, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದೆವು. ಕಾಯಿಲೆಯ ವಿಷಯ ಮುಚ್ಚಿಟ್ಟು, ಅಕ್ಕ ಹವಾ ಬದಲಾವಣೆಗೆ ಬಂದಿದ್ದಾಳೆ ಎಂದು ಅವರಿಗೆ ಹೇಳಿದ್ದೆ. ವಿಜಯವಾಡದ ಆ ಬೆಂಕಿಗೆ, ಹವಾ ಬದಲಾವಣೆಗೆ!

ನಮ್ಮ ಕಡೆ ಅರಿಶಿನ ಕೆನ್ನೆಗೆ, ಕೈಗೆ. ಅಲ್ಲಿ ಮನೆಯಾಕೆಯೇ ಕೂತು ಬಂದವರ ಪಾದಕ್ಕೂ ಹಚ್ಚುತ್ತಾರೆ. ಪಿನ್ನಿಗಾರು ಬಟ್ಟಲು ಹಿಡಿದು ಅಕ್ಕನ ಮುಂದೆ ಕೂತರು. ಬಲಗಾಲು ಹಿಡಿದರೆ ಎಡಗಾಲು ಓಡಿತು, ಎಡಗಾಲು ಹಿಡಿದರೆ ಬಲಗಾಲು. ಹಿರಿಯರಿಂದ ಕಾಲು ಮುಟ್ಟಿಸಿಕೊಳ್ಳಲು ಕನ್ನಡದ ಹೆಣ್ಣಿಗೆ ಸಂಕೋಚ ಎಂದುಕೊಂಡ ಆಕೆ, ನಾಚಿಕೆ ಯಾಕೆಂದು, "ಸಿಗ್ಗೆಂದುಕಮ್ಮಾ?" ಎನ್ನುತ್ತಾ ಇನ್ನೂ ಬಿಗಿಯಾಗಿ ಹಿಡಿದರು. ಅರಿಶಿನ ಗೋಡೆಗೆ, ಅವರ ಮೂಗಿಗೆ, ನನ್ನ ರೇಷ್ಮೆ ಸೀರೆಗೆ! ಕೂತ ಹೆಂಗಸರೆಲ್ಲ ನಕ್ಕರು. ಅಕ್ಕನೂ ನಕ್ಕಳು, ನಗುನಗುತ್ತಲೇ ಅವಳ ಕಣ್ಣು ತುಂಬಿತು.

"ಸಿಗ್ಗು ಕಾದು ಪಿನ್ನಿಗಾರು, ಮಂದುಲು" ಎಂದಳು, ತನ್ನ ಹರಕು ತೆಲುಗಿನಲ್ಲಿ. ನಾಚಿಕೆಯಲ್ಲ, ಔಷಧಿ. ಮನಸ್ಸಿಗೆ ಕಾಯಿಲೆ ಬಂದಿತ್ತು, ಅದರ ಮಾತ್ರೆ ಕಾಲನ್ನು ಕೂರಲು ಬಿಡುವುದಿಲ್ಲ ಎಂದು ಎಲ್ಲರೆದುರು ಹೇಳಿಯೇಬಿಟ್ಟಳು. ನಾನು ಸೀರೆಯ ಅರಿಶಿನ ಒರೆಸುವ ನೆಪದಲ್ಲಿ ತಲೆ ತಗ್ಗಿಸಿದೆ.

ಪಿನ್ನಿಗಾರು ಮೂಗು ಒರೆಸಿಕೊಂಡರು. "ಅಯ್ಯೋ, ಮುಂದೇ ಚೆಪ್ಪಕೂಡದಾ ತಲ್ಲೀ" ಎಂದು, ಮೊದಲೇ ಹೇಳದ್ದಕ್ಕೆ ಗದರಿ, ಎದ್ದು ಅಕ್ಕನ ಜೊತೆ ನಡುಮನೆಯುದ್ದಕ್ಕೂ ನಡೆಯುತ್ತಲೇ ತಾಂಬೂಲ ಕೊಟ್ಟರು. ಯಾರೂ ಮುಖ ತಿರುಗಿಸಲಿಲ್ಲ.

ಅಲ್ಲಿ ಬಂದ ಧೈರ್ಯವೋ ಏನೋ, ಸೋಮವಾರ ಅಕ್ಕ ತಾನೇ ಡಾಕ್ಟರೆದುರು ನಿಂತಳು. ಅವರು ಕೂರಲು ಹೇಳಿದರು. ಅದೇ ಆಗುತ್ತಿಲ್ಲ, ಮನಸ್ಸಿಗೆ ಭಯವಿಲ್ಲ, ಕಾಲಿಗೆ ಮಾತ್ರ ನೆಮ್ಮದಿಯಿಲ್ಲ, ಇದು ನಿಮ್ಮ ಮಾತ್ರೆಯದೇ ಕೆಲಸ ಎಂದು ಅದೇ ಹರಕು ತೆಲುಗಿನಲ್ಲಿ ದಬಾಯಿಸಿದಳು. ಡಾಕ್ಟರು ಬಹಳ ಹೊತ್ತು ಅವಳ ಕಾಲನ್ನೇ ನೋಡಿ, ಹೌದೆಂದು ಒಪ್ಪಿ, ಮಾತ್ರೆ ಕಡಿಮೆ ಮಾಡಿದರು. ಕಾಲಿನ ಚಡಪಡಿಕೆಗೆಂದು ಇನ್ನೊಂದು ಸಣ್ಣ ಮಾತ್ರೆ ಸೇರಿಸಿದರು.

ಕೆಲವು ವಾರ ಕಳೆದು ಒಂದು ಮಧ್ಯಾಹ್ನ ಅಕ್ಕ ಚಕ್ಕಂಬಕ್ಕಳ ಹಾಕಿ ಕೂತು ಉಂಡಳು. ಎರಡನೇ ಸಲ ಅನ್ನ ಹಾಕಿಸಿಕೊಂಡಳು. ಇವರು ಕೂಡ ತಮಾಷೆ ಮರೆತು ಅವಳ ತಟ್ಟೆಗೆ ತುಪ್ಪ ಬಡಿಸಿದರು. ಸೌಟು ಹಿಡಿದು ನಿಂತ ನನಗೆ ಅಳು ತಡೆಯಲಾಗಲಿಲ್ಲ. ಅವಳು ಕೈ ತೊಳೆದು ಬಂದು ಅಂಗೈ ಚಾಚಿದಳು.

"ಅತ್ತಿದ್ದು ಸಾಕು, ನನ್ನ ಮಾತ್ರೆ ಕೊಡೇ."