ಕಲ್ಲುಗುಡ್ಡೆಯ ಮೇಲೆ ನೇರಳೆ ಬೆಳಕು

ಕತ್ತಲಲ್ಲಿ ಅವರ ಹಲ್ಲು ಹೊಳೆಯುತ್ತಿದ್ದವು. ದೀಪ ಹಚ್ಚುವ ಹೊತ್ತು ಮುಗಿದಿತ್ತು. ನಮ್ಮ ಹಿತ್ತಲಲ್ಲಿ ಯಾರೋ ನೇರಳೆ ಬೆಳಕಿನ ಟಾರ್ಚು ಹಿಡಿದು ಬಗ್ಗಿ ನಡೆಯುತ್ತಿದ್ದರು. ನಾನು ಕೂಗಿದಾಗ ತಿರುಗಿ ನಕ್ಕರು. ಮುಖ ಕಾಣಲಿಲ್ಲ. ಬರೀ ಹಲ್ಲು, ಬಿಳಿ ಸೀರೆಯ ಅಂಚು, ಎರಡೂ ನೀಲಿಯಾಗಿ ಹೊಳೆದವು. ನಾನು ಶಿವ ಶಿವಾ ಎಂದುಕೊಂಡು ಬಾಗಿಲು ಹಾಕಿಕೊಂಡೆ.

ನಮ್ಮ ಮಹಡಿ ಮನೆಗೆ ಬಾಡಿಗೆಗೆ ಬಂದಿದ್ದ ಟೀಚರಮ್ಮ ಅವರು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಟ್ಟು ನಿವೃತ್ತರಾಗಿದ್ದರು. ಒಂಟಿ ಜೀವ. ದೇವನಹಳ್ಳಿಯ ಆಚೆ ವಿಮಾನ ನಿಲ್ದಾಣಕ್ಕೆಂದು ಹೊಲಗಳನ್ನು ಸಮ ಮಾಡುತ್ತಿದ್ದ ಕಾಲ. ಹೊಸಬರು ಯಾರು ಬಂದರೂ ಜಮೀನಿನ ಆಸೆಗೇ ಬಂದವರೆಂದು ನಾವು ನೋಡುತ್ತಿದ್ದೆವು. ಇವರಂತೂ ಚಪ್ಪಲಿಯನ್ನು ಗೋಡೆಗೆ ಬಡಿಯದೆ ಕಾಲಿಗೆ ಹಾಕುತ್ತಿರಲಿಲ್ಲ. ಮನೆಯಲ್ಲಿ ಒಂದು ದೇವರ ಪಟ ಇರಲಿಲ್ಲ. ಪಟ ಇಡಬೇಕಾದ ಗೂಡಿನಲ್ಲಿ ಗಾಜಿನ ಡಬ್ಬಿಗಳು, ಡಬ್ಬಿಗಳಲ್ಲಿ ಜೀವಂತ ಚೇಳು. ಮಾಟಕ್ಕೋ ಮದ್ದಿಗೋ, ಯಾರಿಗೆ ಗೊತ್ತು?

ನಮ್ಮತ್ತೆಗೆ ಗೊತ್ತಿತ್ತು. "ಆಯಮ್ಮ ನಿಧಿ ಹುಡುಕ್ತಾವ್ಳೆ ಕಣೇ. ಕೋಟೆ ಊರು ನಮ್ದು, ಮಣ್ಣಲ್ಲಿ ಏನೇನೈತೋ!"

ನೆಲಸಮವಾಗುತ್ತಿದ್ದ ಆ ಹೊಲಗಳ ಬದುವಿನ ಕಲ್ಲನ್ನು ಆಗ ಯಾರು ಬೇಕಾದರೂ ತುಂಬಿಕೊಂಡು ಬರುತ್ತಿದ್ದರು. ನಮ್ಮ ಯಜಮಾನರೂ ಕಾಂಪೌಂಡ್ ಕಟ್ಟಲು ಒಂದು ಟ್ರ್ಯಾಕ್ಟರ್ ತರಿಸಿ ಹಿತ್ತಲಲ್ಲಿ ಸುರಿಸಿದ್ದರು. ಬಿಟ್ಟಿ ಕಲ್ಲು, ದೇವರು ಕೊಟ್ಟಿದ್ದು ಎಂದು ನಾನು ಅದಕ್ಕೆ ಅರಿಶಿನ ಕುಂಕುಮ ಇಟ್ಟಿದ್ದೆ. ಟೀಚರಮ್ಮ ಮಾತ್ರ, "ಆ ಗುಡ್ಡೆ ಹತ್ರ ಮಗೂನ ಬಿಡಬೇಡಿ" ಎಂದು ಹೇಳುತ್ತಲೇ ಇದ್ದರು. ಕೇಳಿದಷ್ಟೂ ನನ್ನ ಅನುಮಾನ ಗಟ್ಟಿಯಾಯಿತು. ನಮ್ಮ ಕಲ್ಲಿನ ಮೇಲೆ ಇವರಿಗೇನು ಕಣ್ಣು?

ಒಂದು ಸಂಜೆ ಮಗಳು ಪೂಜೆಗೆ ಕಣಗಿಲೆ ಹೂ ಕೀಳಲು ಹೋದಳು. ಗಿಡ ಇದ್ದದ್ದು ಆ ಗುಡ್ಡೆಯ ಪಕ್ಕದಲ್ಲೇ. ಕಿರುಚಿದ್ದು ಕೇಳಿ ಓಡಿದೆ. ಬೆರಳಿಗೆ ಕೆಂಪು ಚೇಳು ಕುಟುಕಿತ್ತು. ಅತ್ತೆ ಅದನ್ನು ಹೊಸಕಿ ಹಾಕಿ, ಹಿಂದಿನ ಬೀದಿಯಿಂದ ಚೇಳಿನ ಮಂತ್ರ ಹಾಕುವ ತಾತನನ್ನು ಕರೆತಂದರು. ತಾತ ಬೇವಿನ ಸೊಪ್ಪು ಹಿಡಿದು ತೋಳಿನಿಂದ ಬೆರಳಿನ ಕಡೆಗೆ ನೀವಿದರು. ಸ್ವಲ್ಪ ಹೊತ್ತಿಗೆ ಅಳು ನಿಂತಿತು.

"ಇಳೀತು ಕಣಮ್ಮ, ಭಯ ಇಲ್ಲ" ಎಂದರು ತಾತ. ನಾನು ದೇವರಿಗೆ ಕಾಯಿ ಒಡೆಸುತ್ತೇನೆಂದು ಹರಸಿಕೊಂಡೆ.

ಅಷ್ಟರಲ್ಲಿ ಟೀಚರಮ್ಮ ಮೆಟ್ಟಿಲಿಳಿದು ಬಂದರು. ಮಗುವಿನ ಅಂಗೈ ಮುಟ್ಟಿದರು.

"ಕೈಯೆಲ್ಲ ತಣ್ಣಗಿದೆ. ಬೆವರು ನೋಡಿ, ಜೊಲ್ಲು ನೋಡಿ. ನೋವು ಹೋಯ್ತು ಅಂದ್ರೆ ವಿಷ ಹೋಯ್ತು ಅಂತ ಅಲ್ಲಮ್ಮ. ನಡೀರಿ ಆಸ್ಪತ್ರೆಗೆ."

ಅತ್ತೆ ಅಡ್ಡ ನಿಂತರು. "ಇಳಿದೈತಲ್ಲ, ಇನ್ನೇನಂತೆ ನಿಂದು?"

ನನಗೂ ರೇಗಿತು. "ನಿಮ್ಮ ಡಬ್ಬೀಲಿದ್ದ ಚೇಳೇ ತಪ್ಪಿಸ್ಕೊಂಡು ಬಂದಿರೋದು! ಮಾಡೋದೆಲ್ಲ ಮಾಡಿ ಈಗ ಬುದ್ಧಿ ಹೇಳಕ್ಕೆ ಬಂದ್ಬಿಟ್ರಾ?"

"ಇರಬಹುದು" ಎಂದರು ಅವರು. "ಬೈಯೋದನ್ನ ಆಟೋದಲ್ಲಿ ಕೂತು ಬೈರಿ. ಮೊದ್ಲು ಮಗೂನ ಎತ್ಕೊಳ್ಳಿ."

ಅವರು ವಾದಕ್ಕೆ ನಿಂತಿದ್ದರೆ ನಾನೂ ನಿಲ್ಲುತ್ತಿದ್ದೆ. ನಿಲ್ಲಲಿಲ್ಲ, ಅದೇ ದೇವರ ದಯೆ. ಬೀದಿ ಕೊನೆಯಲ್ಲಿ ಆಟೋ ಇತ್ತು, ಅದೂ ದಯೆ. ದಾರಿಯುದ್ದಕ್ಕೂ ಬೈದೆ. ಅವರು ಮಗುವಿನ ನಾಡಿ ಹಿಡಿದುಕೊಂಡೇ ಕೂತಿದ್ದರು.

ಡಾಕ್ಟರು ಮಗುವಿನ ಎದೆಗೆ ಸ್ಟೆತಾಸ್ಕೋಪ್ ಇಟ್ಟವರು ನನ್ನ ಮುಖ ನೋಡಲಿಲ್ಲ. ಬೇಗ ಬೇಗ ಒಂದು ಮಾತ್ರೆ ನುಂಗಿಸಿದರು. ಅದು ಬಿ.ಪಿ. ಮಾತ್ರೆ ಎಂದು ನರ್ಸ್ ಅಂದದ್ದು ಕಿವಿಗೆ ಬಿತ್ತು. ಎಳೆ ಮಗುವಿಗೆ ಬಿ.ಪಿ. ಮಾತ್ರೆಯೇ? ಇದರಲ್ಲೂ ಏನೋ ಇದೆ ಅನ್ನಿಸಿತು. ಹೊರಗೆ ಬೆಂಚಿನ ಮೇಲೆ ಟೀಚರಮ್ಮನನ್ನೇ ಕೇಳಿದೆ.

"ನಮ್ಮ ನರದ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಬಾಗಿಲುಗಳಿರ್ತವೆ" ಎಂದರು. "ಬಾಗಿಲು ತೆಗೆದಾಗ ಉಪ್ಪಿನಂಶ ಒಳಗೆ ನುಗ್ಗುತ್ತೆ, ನರ ಸುದ್ದಿ ಕಳಿಸುತ್ತೆ, ತಕ್ಷಣ ಬಾಗಿಲು ಹಾಕ್ಕೊಳ್ಳುತ್ತೆ. ಚೇಳಿನ ವಿಷ ಆ ಬಾಗಿಲು ಮುಚ್ಚಕ್ಕೇ ಬಿಡಲ್ಲ. ನರ ಒಂದೇ ಸಮ ಕೂಗ್ತಾ ಇರುತ್ತೆ. ಆ ಕೂಗಿಗೆ ರಕ್ತನಾಳ ಬಿಗಿಯುತ್ತೆ, ಹೃದಯ ಸೋಲುತ್ತೆ. ಮಾತ್ರೆ ಆ ಬಿಗಿ ಸಡಿಲ ಮಾಡುತ್ತೆ, ಅಷ್ಟೇ."

ಸಮುದ್ರದ ಒಂದು ಮೀನಿನ ವಿಷ ಅದೇ ಬಾಗಿಲಿಗೆ ಬೀಗ ಜಡಿಯುತ್ತದಂತೆ. ಆಗ ಸುದ್ದಿಯೇ ಹೋಗದೆ ಉಸಿರು ನಿಲ್ಲುತ್ತದಂತೆ.

"ಇಂಥದ್ದನ್ನೆಲ್ಲ ದೇವರು ಯಾಕಾದ್ರೂ ಮಾಡಿದ್ನೋ?"

"ದೇವರ ವಿಷಯ ನಂಗೊತ್ತಿಲ್ಲ. ಚೇಳಿನ ವಿಷಯ ಕೇಳಿ. ಬಾಲದಲ್ಲಿ ಒಂದು ಹನಿ ವಿಷ ಮಾಡಕ್ಕೆ ತಿಂದಿದ್ದರ ಸಾರ ಸುರೀಬೇಕು ಅದು. ಅದಕ್ಕೇ ಮಹಾ ಜಿಪುಣ. ಬೇಟೆಗೋ ಪ್ರಾಣಭಯಕ್ಕೋ ಬಿಟ್ರೆ ಸುಮ್ಮಸುಮ್ನೆ ಖರ್ಚು ಮಾಡಲ್ಲ."

ಆಮೇಲೆ ನಾನು ಪಂಚಾಕ್ಷರಿ ಹೇಳಿಕೊಳ್ಳುತ್ತ ಪಕ್ಕಕ್ಕೆ ನೋಡಿದರೆ ಅವರ ತುಟಿಯೂ ಅಲ್ಲಾಡುತ್ತಿತ್ತು.

"ಜಪ ಮಾಡ್ತಿದ್ದೀರಾ ಟೀಚರಮ್ಮ?"

"ಜಪಾನೂ ಇಲ್ಲ ಏನೂ ಇಲ್ಲ. ಹಳೇ ಪಾಠ ಜ್ಞಾಪಿಸ್ಕೊತಿದ್ದೆ."

ಬೆಳಗಾಗುವಷ್ಟರಲ್ಲಿ ಮಗಳ ಅಂಗೈ ಬೆಚ್ಚಗಾಯಿತು. ಇಡ್ಲಿ ಬೇಕು ಎಂದಳು.

ಮನೆಗೆ ಬಂದ ಸಂಜೆ ಟೀಚರಮ್ಮ ಅತ್ತೆಯ ಕೈಹಿಡಿದು ಹಿತ್ತಲಿಗೆ ಕರೆದೊಯ್ದು ಟಾರ್ಚು ಹಾಕಿದರು. ಕಲ್ಲಿನ ಸಂದುಸಂದಿನಲ್ಲೂ ಹಸಿರು ನೀಲಿ ಚೇಳುಗಳು, ಕಾರ್ತಿಕದ ದೀಪ ಹಚ್ಚಿಟ್ಟ ಹಾಗೆ. ಆ ನೇರಳೆ ಬೆಳಕು ಬಿದ್ದರೆ ಚೇಳಿನ ಮೈ ಹೊಳೆಯುತ್ತದಂತೆ.

"ನಿಧಿ ನೋಡ್ಕೊಳ್ಳಿ ಅಜ್ಜಿ" ಎಂದರು. ಡಬ್ಬಿಗಳಲ್ಲಿ ಇದ್ದವು ಇಲ್ಲಿಂದ ಅವರು ಹೆಕ್ಕಿದವೇ. ಮಗಳಿಗೆ ಕುಟುಕಿದ್ದು ಡಬ್ಬಿಯದಲ್ಲ ಎಂದು ಅವರು ಒಂದು ದಿನವೂ ಹೇಳಿಕೊಳ್ಳಲಿಲ್ಲ. ಕಲ್ಲನ್ನು ಯಜಮಾನರು ಸಾಗಿಸಿಬಿಟ್ಟರು.

ವಿಮಾನಗಳು ನಮ್ಮ ತಲೆಯ ಮೇಲೆ ಹಾರತೊಡಗಿ ಕೆಲವು ವರ್ಷಗಳಾದ ಮೇಲೆ, ಅದೇ ಮಹಡಿ ಮನೆಯಲ್ಲಿ ಅವರು ಮಲಗಿದಲ್ಲೇ ಹೋದರು. ಬಾಯಿಗೆ ನೀರು ಬಿಟ್ಟವಳು ನನ್ನ ಮಗಳು. ಕೋಣೆ ಗುಡಿಸುವಾಗ ಗೂಡಿನ ಹಿಂದೆ, ಹಾಸಿಗೆಯ ಕೆಳಗೆ, ಪುಸ್ತಕಗಳ ನಡುವೆ ಎಲ್ಲ ಕಡೆ ಹುಡುಕಿದೆ. ಒಂದು ಪಟ, ಒಂದು ರುದ್ರಾಕ್ಷಿ, ಒಂದು ಚಿಟಿಕೆ ವಿಭೂತಿ, ಏನೂ ಸಿಗಲಿಲ್ಲ. ಟಾರ್ಚು ಸಿಕ್ಕಿತು. ಈಗಲೂ ದೇವರಿಗೆ ದೀಪ ಹಚ್ಚಿದ ಮೇಲೆ ಅದನ್ನು ಹಿಡಿದು ಹಿತ್ತಲಿಗೊಂದು ಸುತ್ತು ಬರುತ್ತೇನೆ. ಚಪ್ಪಲಿ ಬಡಿಯದೆ ಮೆಟ್ಟುವುದಿಲ್ಲ.

ನರದ ಬಾಗಿಲು, ಮೀನಿನ ಬೀಗ, ಚೇಳಿನ ಜಿಪುಣತನ, ಅವರು ಹೇಳಿದ್ದನ್ನೆಲ್ಲ ನಂಬಿದ್ದೇನೆ. ಆ ಬೆಂಚಿನ ಮೇಲೆ ಕೂತು ಹಳೇ ಪಾಠ ಜ್ಞಾಪಿಸಿಕೊಳ್ಳುತ್ತಿದ್ದರು ಅನ್ನುವುದನ್ನು ಮಾತ್ರ ಇವತ್ತಿಗೂ ನಂಬಿಲ್ಲ.