ಅವಳ ಎರಡನೇ ಅಧ್ಯಾಯ

ಮೂವತ್ತೊಂದನೆಯ ಪುಟದ ನಾಲ್ಕನೆಯ ಸಾಲಿನಲ್ಲಿ, 'ಬಂಡೆ' ಎಂಬ ಪದದಿಂದ ಗುಲಾಬಿ ಬಣ್ಣ ಶುರುವಾಗುತ್ತಿತ್ತು. ಅಲ್ಲಿಂದ ಪುಟದ ಕೊನೆಯವರೆಗೆ ಒಂದು ಸಾಲನ್ನೂ ಬಿಟ್ಟಿರಲಿಲ್ಲ. ಅಂಚಿನಲ್ಲಿ ಅದೇ ಬಣ್ಣದ ಸಣ್ಣ ಚೌಕ, ಅದರೊಳಗೆ ಒಂದು ಎಂಬ ಅಂಕಿ. ಆ ಅಂಕಿ ಯಾರ ಬರವಣಿಗೆಯನ್ನು ಸೂಚಿಸುತ್ತದೆ ಎಂದು ತಿಳಿಯಲು ಕೊನೆಯ ಪುಟಕ್ಕೆ ಹೋಗಬೇಕಿತ್ತು. ಹೋದೆ. ಅಲ್ಲಿ ನನ್ನ ಪ್ರಬಂಧದ ಶೀರ್ಷಿಕೆ ಇತ್ತು, ಕೆಳಗೆ ನನ್ನ ಹೆಸರಿತ್ತು.

ವರದಿ ನನ್ನ ಗೆಳತಿಯದು. ಏಳು ವರ್ಷ ಕೂತು ಬರೆದ ಪಿಎಚ್.ಡಿ. ಪ್ರಬಂಧವನ್ನು ಸಲ್ಲಿಸುವ ಮೊದಲು ಅವಳು ಅದನ್ನು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಪರೀಕ್ಷೆಗೆ ಕೊಟ್ಟಿದ್ದಳು. ಬೇರೆಯವರಿಂದ ಎಷ್ಟು ಎತ್ತಿಕೊಂಡಿದ್ದೇವೆ ಎಂದು ಕಂಪ್ಯೂಟರ್ ಹುಡುಕಿ ಹೇಳುವ ಪರೀಕ್ಷೆ ಅದು. ಎರಡನೇ ಅಧ್ಯಾಯದ ಹದಿನಾಲ್ಕು ಪುಟಗಳು ನನ್ನ ಪ್ರಬಂಧದವು ಎಂದು ವರದಿ ಹೇಳಿತ್ತು. ಆ ಹದಿನಾಲ್ಕು ಪುಟಗಳನ್ನು ಬರೆದವಳು ಅವಳು. ತೆಗೆದುಕೊಂಡವಳು ನಾನು.

ನಾವು ಮೂವರು ಭಾನುವಾರಗಳಲ್ಲಿ ಶಿರಾದಲ್ಲಿ ಸೇರುತ್ತಿದ್ದೆವು. ನಾನು ಮಧುಗಿರಿಯವಳು, ಕೊರಟಗೆರೆಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಅವಳ ಊರು ಪಾವಗಡ ತಾಲೂಕಿನ ರಾಯಚರ್ಲು ಹತ್ತಿರ. ಮೂರನೆಯವರು ಶಿರಾದವರೇ, ನಮಗಿಂತ ಹತ್ತು ವರ್ಷ ದೊಡ್ಡವರು, ಆಗಲೇ ಡಾಕ್ಟರೇಟ್ ಮುಗಿಸಿದ್ದವರು. ಅವರನ್ನು ನಾವು ಅಣ್ಣ ಎನ್ನುತ್ತಿದ್ದೆವು. ಅವರ ಮನೆಯವರದು ಹಾಸಿಗೆ ಅಂಗಡಿ. ಅಂಗಡಿಯ ಮೇಲಿನ ಕೋಣೆಯನ್ನು ನಮಗಾಗಿ ಗುಡಿಸಿಡುತ್ತಿದ್ದರು. ಕೆಳಗೆ ಹತ್ತಿ ಹಿಂಜುವ ಯಂತ್ರ ಓಡಿದಾಗ ನೆಲ ಅದುರುತ್ತಿತ್ತು. ಸಂಜೆ ಬಸ್ಸಿನಲ್ಲಿ ಕೂತಾಗ ಕೂದಲಿಗೂ ಕಾಗದಕ್ಕೂ ಹತ್ತಿಯ ಎಳೆಗಳು ಅಂಟಿರುತ್ತಿದ್ದವು.

ಅಲ್ಲಿ ಒಂದೇ ನಿಯಮ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಗಟ್ಟಿಯಾಗಿ ಓದಬೇಕು. ಬರೆದವರು ಪೆನ್ನು ಮುಟ್ಟದೆ ಕೇಳಬೇಕು. ಓದುವವರ ನಾಲಿಗೆ ಎಲ್ಲಿ ತಡವರಿಸುತ್ತದೋ ಅಲ್ಲಿ ವಾಕ್ಯ ಕೆಟ್ಟಿದೆ. ಇದು ಅಣ್ಣ ಮಾಡಿದ ನಿಯಮ. ಇದರ ಜೊತೆಗೆ ಅವರ ಸಲಹೆಗಳಿದ್ದವು.

"ಗೈಡು ಮನೆ ಮುಂದೆ ಕಾಯಿಸಿದ್ರೆ ಬೇಜಾರ್ ಮಾಡ್ಕೋಬ್ಯಾಡಿ. ಅಲ್ಲೇ ಕೂತು ಗ್ರಂಥಋಣ ಟೈಪ್ ಮಾಡಿ. ನಂದು ಪೂರ್ತಿ ಅವ್ರ ಜಗುಲಿ ಮ್ಯಾಲೇ ಮುಗೀತು."

"ಕೃತಜ್ಞತೆ ಪುಟ ಯಾವಾಗ ಬರೀಬೇಕಣ್ಣ?" ಎಂದು ಅವಳು ಕೇಳಿದ್ದಳು.

"ಮೊದ್ಲೇ ಬರೆದಿಡು. ಮುಗಿಯೋ ಹೊತ್ಗೆ ಅರ್ಧ ಜನದ ಮ್ಯಾಲೆ ಕೋಪ ಬಂದಿರ್ತದೆ, ಆಮೇಲೆ ಕೈ ಬರಲ್ಲ."

ನಮ್ಮ ವಿಷಯಗಳು ಬೇರೆ ಬೇರೆ, ಪ್ರದೇಶ ಮಾತ್ರ ಒಂದೇ, ಮಧುಗಿರಿ, ಕೊರಟಗೆರೆ, ಪಾವಗಡ, ಶಿರಾ. ನಾನು ಹುಣಸೆಹಣ್ಣು ಬಿಡಿಸುವ ಹೆಂಗಸರ ಕೆಲಸದ ಬಗ್ಗೆ ಬರೆಯುತ್ತಿದ್ದೆ. ಅವಳು ಸೌರ ಫಲಕಗಳ ಸುತ್ತ ಬೇಲಿ ಬಂದ ಮೇಲೆ ಕುರಿ ಕಾಯುವವರು ಯಾವ ದಾರಿ ಹಿಡಿದರು ಎಂಬುದನ್ನು ಬರೆಯುತ್ತಿದ್ದಳು. ಇಂಥ ಪ್ರಬಂಧಗಳಲ್ಲೆಲ್ಲ ಎರಡನೇ ಅಧ್ಯಾಯ ಅಧ್ಯಯನ ಪ್ರದೇಶದ ಪರಿಚಯ. ಮಳೆ, ಮಣ್ಣು, ಜನ, ರಸ್ತೆ. ಹೆಚ್ಚಿನವರು ಅದನ್ನು ಹಳೆಯ ಗೆಜೆಟಿಯರ್ ನೋಡಿ ತುಂಬಿಸಿಬಿಡುತ್ತಾರೆ. ಅವಳು ಹಾಗೆ ಮಾಡಲಿಲ್ಲ. ಎರಡು ಬೇಸಿಗೆ ನಾಲ್ಕೂ ತಾಲೂಕು ನಡೆದಳು. ಯಾವ ಬೆಟ್ಟದ ನೀರು ಯಾವ ಹಳ್ಳಕ್ಕೆ ಇಳಿಯುತ್ತದೆ, ಆ ಹಳ್ಳ ಯಾವ ಕೆರೆಗೆ ಸೇರುತ್ತದೆ, ಆ ಕೆರೆ ಒಣಗಿದ ವರ್ಷ ಯಾವ ಊರಿನ ಕುರಿ ಎಲ್ಲಿಗೆ ಹೋಗುತ್ತದೆ ಎಂದು ಮುದುಕರನ್ನು ಕೇಳಿ ಬರೆದುಕೊಂಡಳು. ಮದಲೂರು ಕೆರೆಯ ಏರಿಯ ಮೇಲೆ ಒಂದು ಇಡೀ ದಿನ ಕೂತು ಬಂದಿದ್ದಳು.

ಆ ಅಧ್ಯಾಯವನ್ನು ಕೋಣೆಯಲ್ಲಿ ಓದಿದವಳು ನಾನು. "ಬಂಡೆ ನೀರನ್ನು ಇಟ್ಟುಕೊಳ್ಳುವುದಿಲ್ಲ. ಬಿದ್ದಷ್ಟನ್ನೂ ಕೆಳಗಿನ ಊರಿಗೆ ಕೊಡುತ್ತದೆ. ಆದ್ದರಿಂದ ಈ ಭಾಗದಲ್ಲಿ ಬೆಟ್ಟದ ಬುಡದವರು ಯಾರು ಎಂದು ಕೇಳಿದರೆ ಉಳ್ಳವರು ಯಾರು ಎಂದು ಕೇಳಿದಂತೆ." ಹದಿನಾಲ್ಕು ಪುಟಗಳಲ್ಲಿ ನನ್ನ ನಾಲಿಗೆ ಒಮ್ಮೆಯೂ ತಡವರಿಸಲಿಲ್ಲ. ಓದಿ ಮುಗಿದಾಗ ಅಣ್ಣ, "ಇದನ್ನ ಮುಟ್ಬೇಡ, ಅಷ್ಟೇ," ಎಂದರು.

ನನ್ನ ಕೊನೆಯ ಗಡುವು ಅವಳಿಗಿಂತ ಮೊದಲು ಬಂತು. ಉಳಿದ ಅಧ್ಯಾಯಗಳೆಲ್ಲ ಮುಗಿದಿದ್ದವು, ಎರಡನೆಯದು ಮಾತ್ರ ಆಗಿರಲಿಲ್ಲ. ಅದಕ್ಕೆ ಹೇಳಿಕೊಳ್ಳುವಂಥ ಕಾರಣವಿಲ್ಲ. ಮನೆಯಲ್ಲಿ ಕಾಯಿಲೆ ಇರಲಿಲ್ಲ, ಕಾಲೇಜಿನಲ್ಲಿ ತೊಂದರೆ ಇರಲಿಲ್ಲ. ಅವಳದನ್ನು ಓದಿದ ಮೇಲೆ ನನಗೆ ಅದನ್ನು ಬರೆಯಲು ಆಗಲಿಲ್ಲ, ಅಷ್ಟೇ.

"ಲೇ, ನಂದೇ ತಗಂಡೋಗು," ಎಂದಳು. "ಆ ಬೆಟ್ಟ ಏನು ನಾನು ಹೆತ್ತಿದ್ದಾ?"

"ಬದಲಾಯಿಸಿ ಬರ್ಕೋತೀನಿ."

"ಬದಲಾಯಿಸ್ಕೋ, ಬುಡ್ತೀಯೋ ಬುಡು. ಮೊದ್ಲು ಸಬ್ಮಿಟ್ ಮಾಡು."

ನಾನು ಅಣ್ಣನ ಕಡೆ ನೋಡಿದೆ. ಅವರು ನಕ್ಕರು. "ಎರಡ್ನೇ ಅಧ್ಯಾಯ ಬಸ್‌ಸ್ಟ್ಯಾಂಡ್ ಇದ್ದಂಗೆ ಕಣಮ್ಮ. ಎಲ್ರೂ ಅಲ್ಲಿಂದ್ಲೇ ಹತ್ತೋದು, ಯಾರೂ ಅದನ್ನ ನೋಡಲ್ಲ. ವೈವಾದಾಗೆ ನಂಗೆ ಅದ್ರ ಮ್ಯಾಲೆ ಒಂದು ಪ್ರಶ್ನೆ ಕೇಳಿಲ್ಲ."

ಅವಳು ಆ ರಾತ್ರಿಯೇ ಮೇಲ್ ಕಳಿಸಿದಳು. ಪಾವಗಡ ಮೊದಲು ಬರುತ್ತಿದ್ದುದನ್ನು ತೆಗೆದು ಮಧುಗಿರಿಯನ್ನು ಮೊದಲಿಗೆ ತಂದೆ. ಎರಡು ಕೋಷ್ಟಕ ಕೈಬಿಟ್ಟೆ. ಉಳಿದದ್ದು ಹಾಗೆಯೇ ಇತ್ತು. ಕೃತಜ್ಞತೆಯ ಪುಟದಲ್ಲಿ ಅವಳ ಹೆಸರು ಬರೆದು, 'ಅಮೂಲ್ಯ ಸಲಹೆಗಳಿಗಾಗಿ' ಎಂದು ಸೇರಿಸಿದೆ.

ಆಗ ನಾವೆಲ್ಲ ಹಳೆಯ ಫಾಂಟಿನಲ್ಲಿ ಟೈಪ್ ಮಾಡುತ್ತಿದ್ದೆವು. ಗ್ರಂಥಾಲಯದ ಪರೀಕ್ಷೆಯ ಕಂಪ್ಯೂಟರಿಗೆ ಆ ಅಕ್ಷರಗಳನ್ನು ಓದಲು ಬರುತ್ತಿರಲಿಲ್ಲ. ಕನ್ನಡದಲ್ಲಿ ಬರೆದವರ ಪ್ರಬಂಧಗಳಲ್ಲಿ ಅದಕ್ಕೆ ಏನೂ ಸಿಗುತ್ತಿರಲಿಲ್ಲ, ಎಲ್ಲವೂ ಶುದ್ಧ ಎಂದು ವರದಿ ಬರುತ್ತಿತ್ತು. ಇದು ನಮ್ಮವರಿಗೆಲ್ಲ ಗೊತ್ತಿದ್ದ ಉಪಾಯ. ಒಬ್ಬರಿಂದ ಒಬ್ಬರಿಗೆ ಹೇಳಿಕೊಂಡು ಬಂದದ್ದು. ನನ್ನದೂ ಹಾಗೆಯೇ ಪಾರಾಯಿತು. ಮುಂದಿನ ವರ್ಷ ನನಗೆ ಪದವಿ ಬಂತು.

ಅವಳು ಸಲ್ಲಿಸುವ ಕಾಲಕ್ಕೆ ಆ ಕಂಪ್ಯೂಟರ್ ಓದಬಲ್ಲ ಹೊಸ ಯೂನಿಕೋಡ್ ಅಕ್ಷರಗಳಲ್ಲೇ ಕೊಡಬೇಕೆಂದು ನಿಯಮ ಬಂದಿತ್ತು. ಅವಳು ನನಗೆ ಫೋನ್ ಮಾಡಿ ಕೇಳಿದಳು. "ನಿಂದ್ರಲ್ಲೂ ಅದೇ ಐತಲ್ಲ, ನಾನು ಎರಡ್ನೇದು ಸ್ವಲ್ಪ ತಿದ್ಬೇಕೇನೇ?"

"ಬೇಡ," ಎಂದೆ. "ನಂದು ಹಳೇ ಫಾಂಟಲ್ಲಿದೆ. ಅದಕ್ಕೆ ಕಾಣಿಸಲ್ಲ."

ಹಳೆಯ ಪ್ರಬಂಧಗಳನ್ನೆಲ್ಲ ಹೊಸ ಅಕ್ಷರಕ್ಕೆ ಬದಲಾಯಿಸಿ ಆ ಕಂಪ್ಯೂಟರಿಗೆ ಏರಿಸಿದ್ದಾರೆ ಎಂದು ನನಗೆ ಗೊತ್ತಿರಲಿಲ್ಲ. ಕೇಳಿ ತಿಳಿದುಕೊಳ್ಳಬಹುದಿತ್ತು. ಕೇಳಲಿಲ್ಲ.

ವರದಿ ತಂದ ಭಾನುವಾರ ಅವಳು ಅದನ್ನು ನೆಲದ ಮೇಲೆ ಹರಡಿ, "ನೋಡ್ರಪ್ಪ, ನಾನು ಕಳ್ಳಿ," ಎಂದಳು. ಅವಳ ನೋಂದಣಿಗೆ ಸಿಕ್ಕಿದ್ದ ಕೊನೆಯ ವಿಸ್ತರಣೆ ಮುಗಿಯಲು ಹದಿನಾರು ದಿನ ಉಳಿದಿತ್ತು. ಅಷ್ಟರೊಳಗೆ ಶುದ್ಧ ವರದಿ ಬರದಿದ್ದರೆ ನೋಂದಣಿ ರದ್ದಾಗುತ್ತದೆ. ಏಳು ವರ್ಷ ಇಲ್ಲವಾಗುತ್ತದೆ.

ಅಣ್ಣ ಬಹಳ ಹೊತ್ತು ಪುಟ ತಿರುಗಿಸಿದರು. ಕೊನೆಗೆ, "ತಿರುಗಿಸಿ ಬರಿ," ಎಂದರು. "ವಾಕ್ಯ ಹಿಂದುಮುಂದು ಮಾಡು. ಬೇರೆ ಪದ ಹಾಕು."

"ನನ್ನ ಮಾತನ್ನ ನಾನೇ ಬೇರೆ ಮಾತಲ್ಲಿ ಬರೀಬೇಕಾ ಅಣ್ಣ?"

"ಬೇರೆ ದಾರಿ ಏನೈತೆ ಹೇಳು."

ಆ ವಾರ ಅವಳು ಮೂರು ದಿನ ಮಧುಗಿರಿಗೆ ನಮ್ಮ ಮನೆಗೆ ಬಂದಳು. ಕಾಲೇಜು ಮುಗಿಸಿ ಬಂದು ನಾನು ಜೊತೆಗೆ ಕೂತೆ. ಬಂಡೆ ಎಂಬಲ್ಲಿ ಶಿಲಾ ರಚನೆ ಎಂದು ಹಾಕಿದೆವು. ಕೊಡುತ್ತದೆ ಎಂಬಲ್ಲಿ ಹರಿಯುವಿಕೆ ಉಂಟಾಗುತ್ತದೆ ಎಂದಾಯಿತು. ಬೆಟ್ಟದ ಬುಡದವರು ಹೋದರು, ಅವರ ಜಾಗಕ್ಕೆ ತಪ್ಪಲಿನ ಪ್ರದೇಶದ ನಿವಾಸಿಗಳು ಬಂದರು. ಮೂರನೆಯ ದಿನ ನಿಯಮದಂತೆ ನಾನು ಗಟ್ಟಿಯಾಗಿ ಓದಿದೆ. ಎರಡನೇ ವಾಕ್ಯದಲ್ಲೇ ನಾಲಿಗೆ ಸಿಕ್ಕಿಕೊಂಡಿತು, ನಾಲ್ಕನೆಯದರಲ್ಲಿ ಮತ್ತೆ. ಅವಳು ಪೆನ್ನು ಮುಟ್ಟದೆ ಕೇಳುತ್ತಿದ್ದಳು. ಅರ್ಧದಲ್ಲಿ, "ಸರ್ಲೇ, ಸಾಕು ಬುಡು," ಎಂದು ಎದ್ದು ನೀರು ಕುಡಿಯಲು ಒಳಗೆ ಹೋದಳು. ಅಮ್ಮ ಅಡುಗೆಮನೆಯಲ್ಲಿ, "ಮುಗೀತೇನಮ್ಮ ನಿಂದು?" ಎಂದು ಕೇಳಿದ್ದು ನನಗೆ ಕೇಳಿಸಿತು. "ಮುಗೀತು ಕಣಮ್ಮ," ಎಂದಳು.

ತಿರುಗಿಸಿ ಬರೆದರೂ ಅದನ್ನು ಎರಡನೇ ಸಲ ಪರೀಕ್ಷೆಗೆ ತೆಗೆದುಕೊಳ್ಳಲು ಸಮಿತಿ ಒಪ್ಪಬೇಕಿತ್ತು. ಅವಳ ಮಾರ್ಗದರ್ಶಕರು ಶನಿವಾರ ಫೋನ್ ಮಾಡಿ ದಾರಿ ಹೇಳಿದರಂತೆ. ಅವಳು ಒಂದು ಮುಚ್ಚಳಿಕೆ ಬರೆದುಕೊಡಬೇಕು. ಇಂಥವರ ಪ್ರಬಂಧದಿಂದ ಅಜಾಗರೂಕತೆಯಿಂದ ಹದಿನಾಲ್ಕು ಪುಟ ಬಳಸಿಕೊಂಡಿದ್ದೇನೆ, ಕ್ಷಮಿಸಬೇಕು, ಮುಂದೆ ಹೀಗೆ ಮಾಡುವುದಿಲ್ಲ. ಅದು ಕಡತಕ್ಕೆ ಸೇರಿದರೆ ಅವರು ಸಮಿತಿಯನ್ನು ಕೇಳಿಕೊಳ್ಳಬಹುದು. ಸಮಿತಿ ಒಪ್ಪಿಯೇ ಒಪ್ಪುತ್ತದೆ ಎಂದು ಅವರೂ ಹೇಳಿರಲಿಲ್ಲ.

ಮರುದಿನ, ಭಾನುವಾರ, ಅವಳು ಅದನ್ನು ಬರೆದುಕೊಂಡೇ ಕೋಣೆಗೆ ಬಂದಳು. ಸಹಿ ಮಾತ್ರ ಹಾಕಿರಲಿಲ್ಲ. ಇಂಥವರ ಎಂಬ ಜಾಗದಲ್ಲಿ ನನ್ನ ಹೆಸರನ್ನು ಡಾಕ್ಟರ್ ಸೇರಿಸಿ ಬರೆದಿದ್ದಳು.

"ಓದು," ಎಂದು ನನ್ನ ಕೈಗೆ ಕೊಟ್ಟಳು. "ನಿಯಮ ನಿಯಮನೇ."

ನಾನು ಓದಲಿಲ್ಲ. ಅಣ್ಣ ನನ್ನ ಕೈಯಿಂದ ತೆಗೆದುಕೊಂಡು ಮನಸ್ಸಿನಲ್ಲೇ ಓದಿದರು.

"ನನ್ ಸೆಂಟ್ ಫೋಲ್ಡರ್‌ನಾಗೆ ಮೇಲ್ ಐತೆ," ಎಂದು ಅವಳು ಹೇಳಿದಳು. "ನಿಂಗೆ ಅಧ್ಯಾಯ ಕಳ್ಸಿದ್ದು. ತಾರೀಕು ಐತೆ. ನೀನು ಸಬ್ಮಿಟ್ ಮಾಡೋಕಿಂತ ಮುಂಚೆದು. ಮೊನ್ನೆನೇ ನೋಡ್ದೆ."

"ತೋರಿಸು ಮತ್ತೆ," ಎಂದೆ. ನನ್ನ ಧ್ವನಿ ಸಣ್ಣಗಿತ್ತು.

"ತೋರಿಸಿದ್ರೆ ನಿನ್ ಪದವಿ ಕಿತ್ಕೋತಾರೆ. ಕಾಯಂ ಲೆಕ್ಚರರ್ ಕೆಲ್ಸದ ಪಟ್ಟೀಲಿ ನಿನ್ ಹೆಸ್ರು ಐತೆ. ನಂದು ಹೆಂಗೂ ಅರ್ಧ ಹೋಗೈತೆ. ಒಂದಾದ್ರೂ ಉಳೀಲಿ ಕಣೆ."

ಅಣ್ಣ ಕನ್ನಡಕ ತೆಗೆದು ಒರೆಸಿದರು. "ತಪ್ಪು ನಂದೂ ಐತೆ," ಎಂದರು. "ಬಸ್‌ಸ್ಟ್ಯಾಂಡ್ ಅಂದವನು ನಾನು." ಆಮೇಲೆ ನನ್ನ ಕಡೆ ತಿರುಗಿದರು. "ನೀನು ಬಾಯಿ ಬಿಟ್ರೆ ನಿಂದು ಹೋಗೋದು ಖಚಿತ. ಇವಳ್ದು ಉಳೀತದೆ ಅಂತ ಯಾರೂ ಹೇಳಕ್ಕಾಗಲ್ಲ. ನಾನು ಹೇಳಿದ್ದು ಕೇಳಿ ಇಲ್ಲಿಗೆ ಬಂದೀರಿ. ಇನ್ನು ನಾನು ಏನೂ ಹೇಳಲ್ಲ."

ಕೆಳಗೆ ಯಂತ್ರ ನಿಂತಿತ್ತು. ಯಾರೋ ಗಿರಾಕಿ ದಿಂಬಿನ ಬೆಲೆ ಕೇಳುತ್ತಿದ್ದರು. ಅವಳು ಕಾಗದವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಸಹಿ ಹಾಕಿದಳು. ಫೋಟೊ ತೆಗೆದು ಮಾರ್ಗದರ್ಶಕರಿಗೆ ಕಳಿಸಿದಳು. ಎರಡು ನಿಮಿಷದಲ್ಲಿ ತಲುಪಿತೆಂದು ಉತ್ತರ ಬಂತು, ಅದನ್ನೂ ನಮಗೆ ತೋರಿಸಿದಳು. ಅಷ್ಟು ಹೊತ್ತೂ ನಾನು ಅಲ್ಲೇ ಇದ್ದೆ. ಬೇಡ ಎನ್ನಲು ಸಮಯವಿತ್ತು. ಪಟ್ಟಿಯಲ್ಲಿದ್ದ ನನ್ನ ಹೆಸರು ಕಣ್ಣ ಮುಂದೆ ಇತ್ತು.

ಪಾವಗಡದ ಬಸ್ಸು ಮೊದಲು ಬಂತು. ಹತ್ತುವಾಗ ಅವಳು, "ಏಮೇ ಡಾಕ್ಟ್ರಮ್ಮ, ಮುಖ ಯಾಕಂಗೆ? ನಾನೇನು ಸತ್ತೆನಾ?" ಎಂದಳು. ಕಂಡಕ್ಟರ್ ಬಾಗಿಲು ಎಳೆದುಕೊಂಡ. ಮಧುಗಿರಿಯವರೆಗೂ ನಾನು ಸೀಟು ಸಿಕ್ಕರೂ ಕೂರಲಿಲ್ಲ.

ಮರುದಿನ ಬೆಳಿಗ್ಗೆ ಆರೂಕಾಲರ ಬಸ್ಸಿಗೆ ವಿಶ್ವವಿದ್ಯಾಲಯಕ್ಕೆ ಹೋದೆ. ಗೇಟಿನ ಎದುರಿನ ಜೆರಾಕ್ಸ್ ಅಂಗಡಿ ತೆರೆಯುವವರೆಗೆ ಕಾದು, ಅವಳು ನನಗೆ ಕಳಿಸಿದ್ದ ಮೇಲನ್ನು ತಾರೀಕು ಕಾಣುವಂತೆ ಪ್ರಿಂಟ್ ತೆಗೆಸಿದೆ. ಅಂಗಡಿಯ ಸ್ಟೂಲಿನ ಮೇಲೆ ಕೂತು ಪತ್ರ ಬರೆದೆ. ನನ್ನ ಪ್ರಬಂಧದ ಎರಡನೇ ಅಧ್ಯಾಯದ ಹದಿನಾಲ್ಕು ಪುಟಗಳು ನನ್ನವಲ್ಲ, ಇಂಥವರು ಬರೆದವು, ಸಾಕ್ಷಿಗೆ ಈ ಮೇಲ್ ಲಗತ್ತಿಸಿದ್ದೇನೆ, ಇವರು ನಿನ್ನೆ ಬರೆದುಕೊಟ್ಟ ಮುಚ್ಚಳಿಕೆ ನಿಜವಲ್ಲ. ನಾಲ್ಕು ವಾಕ್ಯಗಳಾಗುವ ಹೊತ್ತಿಗೆ ಮುಗಿಯಿತು. ಎರಡು ಪ್ರತಿ ಮಾಡಿಸಿ ಟಪಾಲು ವಿಭಾಗಕ್ಕೆ ಹೋದೆ.

ಅಲ್ಲಿದ್ದ ಗುಮಾಸ್ತರು ಪೂರ್ತಿ ಓದಿದರು. "ಮೇಡಂ, ಇದು ನಿಮ್ ಮೇಲೆ ನೀವೇ ಕೊಡ್ತಿರೋದಲ್ವಾ?"

"ಹೌದು."

"ಸೀಲ್ ಬಿದ್ರೆ ವಾಪಸ್ ಕೊಡಕ್ಕಾಗಲ್ಲ. ಹೊರಗೆ ಹೋಗಿ ಟೀ ಕುಡ್ಕೊಂಡು ಬನ್ನಿ ಬೇಕಾದ್ರೆ."

"ಹಾಕಿ," ಎಂದೆ.

ಅವರು ಎರಡೂ ಪ್ರತಿಗೆ ಸೀಲು ಒತ್ತಿ, ಪುಸ್ತಕದಲ್ಲಿ ನಮೂದಿಸಿ, ಒಂದನ್ನು ನನಗೆ ಕೊಟ್ಟರು. ಅದರ ಫೋಟೊವನ್ನು ಅವಳಿಗೆ ಕಳಿಸಿದೆ, ಜೊತೆಗೆ ಏನೂ ಬರೆಯಲಿಲ್ಲ. ಎರಡು ಗಂಟೆಗೆ ಕೊರಟಗೆರೆಯಲ್ಲಿ ನನ್ನ ತರಗತಿ ಇತ್ತು. ಬಸ್ಸು ಹಿಡಿದು ಅಲ್ಲಿಗೆ ಹೋದೆ.